ಹತ್ತರಲ್ಲಿ ಹತ್ತನೆಯವರು: ಕ್ಯಾನ್ಸಸ್ ಸ್ಟೇಟ್ ತಂಡ ಎಲ್ಲರ ಲೆಕ್ಕ ತಪ್ಪಿಸಿದ ಬಗೆ

ಅಮೆರಿಕದಲ್ಲಿ ಹೆಸರಾದ ಮ್ಯಾನ್‌ಹ್ಯಾಟನ್ ಒಂದೇ ಎಂದು ನಾವು ತಿಳಿದಿರುತ್ತೇವೆ. ಇನ್ನೊಂದು ಇದೆ. ದೇಶದ ನಡುಭಾಗದ ಕ್ಯಾನ್ಸಸ್ ರಾಜ್ಯದಲ್ಲಿ, ಹುಲ್ಲು ಹೊದ್ದ ಗುಡ್ಡಗಳ ನಡುವೆ, ಐವತ್ತು ಸಾವಿರ ಚಿಲ್ಲರೆ ಜನ ಇರುವ ಊರು ಅದು. ನ್ಯೂಯಾರ್ಕಿಗೆ ‘ಬಿಗ್ ಆ್ಯಪಲ್’ ಎಂಬ ಅಡ್ಡಹೆಸರು ಇರುವುದರಿಂದ ಇವರು ತಮ್ಮೂರನ್ನು ‘ಲಿಟಲ್ ಆ್ಯಪಲ್’ ಎಂದು ಕರೆದುಕೊಳ್ಳುತ್ತಾರೆ. 1863ರಲ್ಲಿ ಶುರುವಾದ ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯ ಇರುವುದು ಇಲ್ಲೇ. ಅದರ ಬ್ಯಾಸ್ಕೆಟ್‌ಬಾಲ್ ತಂಡದ ಹೆಸರು ವೈಲ್ಡ್‌ಕ್ಯಾಟ್ಸ್, ಬಣ್ಣ ನೇರಳೆ.

2023ರ ಮಾರ್ಚ್ 23ರ ರಾತ್ರಿ ಸಣ್ಣ ಮ್ಯಾನ್‌ಹ್ಯಾಟನ್ನಿನ ಈ ತಂಡ ದೊಡ್ಡ ಮ್ಯಾನ್‌ಹ್ಯಾಟನ್ನಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಮಿಷಿಗನ್ ಸ್ಟೇಟ್ ವಿರುದ್ಧ ಆಡುತ್ತಿತ್ತು. ರಾಷ್ಟ್ರೀಯ ಟೂರ್ನಿಯಲ್ಲಿ ಉಳಿದಿದ್ದ ಹದಿನಾರು ತಂಡಗಳಲ್ಲಿ ಇವೆರಡೂ ಸೇರಿದ್ದವು. ಪಂದ್ಯ ಸಮವಾಗಿ ಹೆಚ್ಚುವರಿ ಅವಧಿಗೆ ಹೋಗಿತ್ತು. ಅಲ್ಲಿಯೂ 92–92. ಒಂದು ನಿಮಿಷವೂ ಉಳಿದಿರಲಿಲ್ಲ. ಚೆಂಡು ಮಾರ್ಕ್ವಿಸ್ ನೊವೆಲ್ ಕೈಯಲ್ಲಿತ್ತು. ಐದಡಿ ಎಂಟಂಗುಲದ ಹುಡುಗ, ಅಂಕಣದಲ್ಲಿದ್ದವರಲ್ಲೆಲ್ಲ ಗಿಡ್ಡ. ಆ ಹೊತ್ತಿಗಾಗಲೇ ಕಾಲಿನ ಗಿಣ್ಣು ಉಳುಕಿಸಿಕೊಂಡು ಹೊರಗೆ ಹೋಗಿ, ಮತ್ತೆ ಬಂದು ಕುಂಟುತ್ತಲೇ ಆಡುತ್ತಿದ್ದ. ಚೆಂಡನ್ನು ಪುಟಿಸುತ್ತ ನಿಧಾನವಾಗಿ ಬಂದವನು ಅಂಚಿನಲ್ಲಿ ನಿಂತಿದ್ದ ತರಬೇತುದಾರನ ಕಡೆ ತಿರುಗಿ ಏನೋ ಹೇಳಿದ. ನೋಡುವವರಿಗೆ ಅದು ಜಗಳದಂತೆಯೇ ಕಂಡಿತು. ಎದುರಾಳಿಗಳ ಗಮನವೂ ಒಂದು ಕ್ಷಣ ಸಡಿಲವಾಗಿರಬೇಕು. ಅಷ್ಟರಲ್ಲಿ ಬುಟ್ಟಿಯತ್ತ ಸರಿಯಾಗಿ ನೋಡದೆಯೇ ಚೆಂಡನ್ನು ಮೇಲಕ್ಕೆ ಎಸೆದ. ಕಿಯಾಂಟೆ ಜಾನ್ಸನ್ ಗಾಳಿಯಲ್ಲೇ ಅದನ್ನು ಹಿಡಿದು, ಬುಟ್ಟಿಗೆ ಬೆನ್ನುಹಾಕಿಕೊಂಡೇ ತಲೆಯ ಹಿಂದಿನಿಂದ ಒಳಗೆ ತುರುಕಿದ. ಅಂತಿಮವಾಗಿ ಕ್ಯಾನ್ಸಸ್ ಸ್ಟೇಟ್ 98, ಮಿಷಿಗನ್ ಸ್ಟೇಟ್ 93. ನೇರವಾಗಿ ಬುಟ್ಟಿಗೆ ದಾರಿಮಾಡುವ ಪಾಸ್ ಅನ್ನು ಅಸಿಸ್ಟ್ ಎನ್ನುತ್ತಾರೆ. ನೊವೆಲ್ ಅಂದು ಕೊಟ್ಟ ಅಸಿಸ್ಟ್‌ಗಳು 19. ಈ ಟೂರ್ನಿಯ ಚರಿತ್ರೆಯಲ್ಲಿ ಒಂದೇ ಪಂದ್ಯದಲ್ಲಿ ಅಷ್ಟು ಕೊಟ್ಟವರು ಅದುವರೆಗೆ ಯಾರೂ ಇರಲಿಲ್ಲ. ಹಿಂದಿನ ದಾಖಲೆ 1987ರದು, 18.

ಅದಕ್ಕೆ ಐದು ತಿಂಗಳ ಹಿಂದೆ, ಋತು ಶುರುವಾಗುವ ಮೊದಲು, ಇದೇ ತಂಡಕ್ಕೆ ಅದರ ಕಾನ್ಫರೆನ್ಸಿನ, ಅಂದರೆ ಅದು ಆಡುವ ಹತ್ತು ತಂಡಗಳ ಗುಂಪಿನ, ತರಬೇತುದಾರರು ಕೊಟ್ಟ ಸ್ಥಾನ ಹತ್ತರಲ್ಲಿ ಹತ್ತನೆಯದು. ಆ ತಂಡಗಳ ಜೊತೆ ವರ್ಷವಿಡೀ ಆಡುವವರು, ಆಟವನ್ನೇ ಹೊಟ್ಟೆಪಾಡು ಮಾಡಿಕೊಂಡವರು ಕೂತು ಹಾಕಿದ ಲೆಕ್ಕ ಅದು. ಅವರು ಅಷ್ಟು ತಪ್ಪಿದ್ದು ಹೇಗೆ? ‘ಹೊಸ ಕೋಚ್ ಬಂದ, ಹುಡುಗರಲ್ಲಿ ಹುಮ್ಮಸ್ಸು ತುಂಬಿದ, ತಂಡ ಎದ್ದು ನಿಂತಿತು’ ಎಂಬುದು ಕ್ರೀಡಾಪುಟಗಳಲ್ಲಿ ಸಿಗುವ ಸಿದ್ಧ ಉತ್ತರ. ಅದರಲ್ಲಿ ಸುಳ್ಳಿಲ್ಲ, ಆದರೆ ಅಸಲು ಸಂಗತಿಯೂ ಇಲ್ಲ. ಆ ಕೋಚ್ ಬಿದ್ದಿದ್ದ ತಂಡವನ್ನು ಎಬ್ಬಿಸಲಿಲ್ಲ. ಅದೇ ಅಂಗಿಯೊಳಗೆ ಬೇರೆಯೇ ತಂಡವೊಂದನ್ನು ತಂದು ನಿಲ್ಲಿಸಿದ. ಊಹಿಸಿದವರು ಅಂಗಿಯನ್ನು ನೋಡಿ ಅಂಕ ಹಾಕಿದ್ದರು.

ಇದನ್ನು ಬಿಡಿಸಿ ನೋಡಲು ಮೊದಲು ಆ ಊಹೆಯ ಪಟ್ಟಿ ಹೇಗೆ ತಯಾರಾಗುತ್ತದೆ ಎಂಬುದು ಗೊತ್ತಿರಬೇಕು. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲಿನ ಮೇಲ್ದರ್ಜೆಯಲ್ಲಿ ಆ ವರ್ಷ 363 ಪುರುಷರ ತಂಡಗಳಿದ್ದವು. ಅವೆಲ್ಲ ಪರಸ್ಪರ ಆಡುವುದು ಸಾಧ್ಯವಿಲ್ಲದ ಕಾರಣ ಕಾನ್ಫರೆನ್ಸ್ ಎಂಬ ಗುಂಪುಗಳಾಗಿ ಹಂಚಿಹೋಗಿವೆ. ಕ್ಯಾನ್ಸಸ್ ಸ್ಟೇಟ್ ಇದ್ದದ್ದು ‘ಬಿಗ್ 12’ ಎಂಬ ಗುಂಪಿನಲ್ಲಿ. ಹೆಸರಲ್ಲಿ ಹನ್ನೆರಡು ಇದ್ದರೂ ಆ ವರ್ಷ ಅದರಲ್ಲಿದ್ದ ತಂಡಗಳು ಹತ್ತೇ. ಈ ದೇಶದ ಕಾನ್ಫರೆನ್ಸುಗಳಿಗೂ ಎಣಿಕೆಗೂ ಅಂಥ ನಂಟಿಲ್ಲ, ಓದುಗರು ತಲೆ ಕೆಡಿಸಿಕೊಳ್ಳಬೇಕಿಲ್ಲ. ಪ್ರತಿ ತಂಡ ಉಳಿದ ಒಂಬತ್ತರ ಜೊತೆ ತಲಾ ಎರಡು ಬಾರಿ, ಒಮ್ಮೆ ತನ್ನ ಊರಿನಲ್ಲಿ, ಒಮ್ಮೆ ಅವರ ಊರಿನಲ್ಲಿ, ಒಟ್ಟು 18 ಪಂದ್ಯ ಆಡುತ್ತಿತ್ತು. ಋತುವಿನ ಆರಂಭಕ್ಕೆ ಮುನ್ನ ಹತ್ತು ಮಂದಿ ತರಬೇತುದಾರರು ತಮ್ಮ ತಂಡವನ್ನು ಬಿಟ್ಟು ಉಳಿದವುಗಳನ್ನು ಸಾಲಾಗಿ ಬರೆದು ಕೊಡುತ್ತಿದ್ದರು. ಆ ಮತಗಳನ್ನು ಕೂಡಿಸಿದರೆ ಪಟ್ಟಿ ಸಿದ್ಧ.

ಬರೆದು ಕೊಡುವವರ ಕೈಯಲ್ಲಿ ಆಗ ಇರುವ ಮಾಹಿತಿ ಏನು? ಹೋದ ವರ್ಷ ಆ ತಂಡ ಎಷ್ಟು ಗೆದ್ದಿತು, ಆಗ ಆಡಿದವರಲ್ಲಿ ಎಷ್ಟು ಮಂದಿ ಮರಳಿದ್ದಾರೆ, ಕೋಚ್ ಹಳಬನೋ ಹೊಸಬನೋ. ಅಷ್ಟೇ. ಹೊಸದಾಗಿ ಸೇರಿದವರ ಬಗ್ಗೆ ಸುದ್ದಿ ಇರುತ್ತದೆ, ಅವರು ಒಟ್ಟಿಗೆ ಆಡಿದ್ದನ್ನು ಕಂಡವರು ಯಾರೂ ಇರುವುದಿಲ್ಲ. ಹಾಗಾಗಿ ಪಟ್ಟಿ ನೋಡಲು ಭವಿಷ್ಯದಂತಿದ್ದರೂ ಅದರ ಹೊಟ್ಟೆಯೊಳಗೆ ತುಂಬಿರುವುದು ನೆನಪು.

ನೆನಪು ಎರಡೂ ದಿಕ್ಕಿನಲ್ಲಿ ಮೋಸ ಮಾಡಬಲ್ಲದು. ಅದೇ 2022–23ರ ಋತುವಿಗೆ ಮುನ್ನ ದೇಶಕ್ಕೇ ಮೊದಲ ಸ್ಥಾನ ಎಂದು ಪತ್ರಕರ್ತರು ಆರಿಸಿದ್ದು ನಾರ್ತ್ ಕ್ಯಾರೊಲೈನಾ ತಂಡವನ್ನು. ಹಿಂದಿನ ವರ್ಷ ಫೈನಲ್ ತಲುಪಿದ್ದ ತಂಡ, ಮೊದಲ ಐವರಲ್ಲಿ ನಾಲ್ವರು ಮರಳಿದ್ದರು. ಇದಕ್ಕಿಂತ ಭದ್ರವಾದ ಆಯ್ಕೆ ಯಾವುದಿದೆ ಎಂದು ಯಾರಿಗಾದರೂ ಅನ್ನಿಸುತ್ತಿತ್ತು. ಆ ತಂಡ ರಾಷ್ಟ್ರೀಯ ಟೂರ್ನಿಯ 68 ತಂಡಗಳಲ್ಲಿ ಒಂದಾಗಿ ಕೂಡ ಆಯ್ಕೆಯಾಗಲಿಲ್ಲ. ಟೂರ್ನಿ 1985ರಲ್ಲಿ 64 ತಂಡಗಳಿಗೆ ಹಿಗ್ಗಿದ ಮೇಲೆ ಅಂಥ ಗತಿ ಬಂದ ಮೊದಲ ಅಗ್ರಸ್ಥಾನಿ ಅದು. ಒಂದೇ ವರ್ಷದಲ್ಲಿ ಮೇಲಿನ ತುದಿಯಲ್ಲಿ ನಾರ್ತ್ ಕ್ಯಾರೊಲೈನಾ, ಕೆಳಗಿನ ತುದಿಯಲ್ಲಿ ಕ್ಯಾನ್ಸಸ್ ಸ್ಟೇಟ್. ಎರಡೂ ತಪ್ಪುಗಳ ಬೇರು ಒಂದೇ: ಮರಳಿ ಬಂದವರ ತಲೆ ಎಣಿಸಿದ್ದು.

ಕ್ಯಾನ್ಸಸ್ ಸ್ಟೇಟಿಗೆ ಮರಳಿದವರ ತಲೆ ಎಣಿಸಲು ಒಂದು ಕೈಯ ಬೆರಳುಗಳೂ ಬೇಕಿರಲಿಲ್ಲ. ಬ್ರೂಸ್ ವೆಬರ್ ಹತ್ತು ವರ್ಷ ಅಲ್ಲಿ ತರಬೇತುದಾರರಾಗಿದ್ದರು. 2018ರಲ್ಲಿ ತಂಡವನ್ನು ಕೊನೆಯ ಎಂಟರ ಸುತ್ತಿಗೆ ಒಯ್ದಿದ್ದರು, 2019ರಲ್ಲಿ ಕಾನ್ಫರೆನ್ಸ್ ಪ್ರಶಸ್ತಿಯಲ್ಲಿ ಪಾಲು ಪಡೆದಿದ್ದರು. ಆಮೇಲೆ ಇಳಿಜಾರು. ಮೂರು ವರ್ಷ ಸತತವಾಗಿ ಗೆಲುವಿಗಿಂತ ಸೋಲೇ ಹೆಚ್ಚು: 11–21, 9–20, 14–17. 2022ರ ಮಾರ್ಚಿನಲ್ಲಿ ವೆಬರ್ ಹೊರಟರು. ಅವರ ಹಿಂದೆಯೇ ಆಟಗಾರರೂ ಹೊರಟರು. ಅದರಲ್ಲಿ ದೊಡ್ಡ ಪೆಟ್ಟು ನೈಜೆಲ್ ಪ್ಯಾಕ್ ಹೋದದ್ದು. ದೂರದಿಂದ ಗುರಿಯಿಟ್ಟು ಬುಟ್ಟಿಗೆ ಹಾಕುವುದರಲ್ಲಿ ಆ ಕಾನ್ಫರೆನ್ಸಿನಲ್ಲೇ ಹೆಸರು ಮಾಡಿದ್ದ ಹುಡುಗ ಮಯಾಮಿ ವಿಶ್ವವಿದ್ಯಾಲಯಕ್ಕೆ ಸೇರಿಕೊಂಡ. ಅಲ್ಲಿನ ಉದ್ಯಮಿಯೊಬ್ಬರು ಎರಡು ವರ್ಷಕ್ಕೆ 8 ಲಕ್ಷ ಡಾಲರಿನ ಪ್ರಚಾರ ಒಪ್ಪಂದವನ್ನೂ ಒಂದು ಕಾರನ್ನೂ ಕೊಡುತ್ತಿರುವುದಾಗಿ ಬಹಿರಂಗವಾಗಿಯೇ ಸಾರಿದರು. ಆಗ ವಿದ್ಯಾರ್ಥಿವೇತನ ಪಡೆಯಬಹುದಾಗಿದ್ದ 13 ಆಟಗಾರರ ತಂಡದಲ್ಲಿ ಕೊನೆಗೆ ಉಳಿದವರು ಇಬ್ಬರು: ನೊವೆಲ್ ಮತ್ತು ಇಸ್ಮಾಯಿಲ್ ಮಸೂದ್.

ಕಾಲೇಜು ಹುಡುಗನಿಗೆ 8 ಲಕ್ಷ ಡಾಲರೇ ಎಂದು ಹುಬ್ಬೇರಿಸುವವರಿಗೆ ಇಲ್ಲಿ ಸ್ವಲ್ಪ ಹಿನ್ನೆಲೆ ಬೇಕು. ದಶಕಗಳ ಕಾಲ ಈ ಆಟಗಾರರಿಗೆ ವಿದ್ಯಾರ್ಥಿವೇತನ, ಊಟ, ವಸತಿ ಬಿಟ್ಟರೆ ಬಿಡಿಗಾಸನ್ನೂ ಪಡೆಯುವ ಹಕ್ಕಿರಲಿಲ್ಲ. ಅವರ ಆಟದಿಂದ ವಿಶ್ವವಿದ್ಯಾಲಯಗಳು, ಟಿವಿ ವಾಹಿನಿಗಳು, ಕೋಚ್‌ಗಳು ಕೋಟಿಗಟ್ಟಲೆ ಗಳಿಸುತ್ತಿದ್ದರು. ಒಂದು ಕಾಲೇಜು ಬಿಟ್ಟು ಇನ್ನೊಂದಕ್ಕೆ ಹೋದರೆ ಒಂದು ವರ್ಷ ಆಡದೆ ಬೆಂಚಿನ ಮೇಲೆ ಕೂರಬೇಕಿತ್ತು. ಕೋಚ್ ಮಾತ್ರ ಹೆಚ್ಚಿನ ಸಂಬಳ ಕಂಡ ಕಡೆ ಮರುದಿನವೇ ಹೋಗಬಹುದಿತ್ತು. ಈ ವ್ಯವಸ್ಥೆಯನ್ನು ‘ಹವ್ಯಾಸಿ ಕ್ರೀಡೆಯ ಪಾವಿತ್ರ್ಯ’ ಎಂದು ಕರೆಯುತ್ತಿದ್ದರು. ಪಾವಿತ್ರ್ಯದ ಖರ್ಚು ಯಾರ ತಲೆಯ ಮೇಲೆ ಬೀಳುತ್ತಿತ್ತು ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ.

ಆಮೇಲೆ ಮೂರು ಬದಲಾವಣೆಗಳು ಹೆಚ್ಚುಕಡಿಮೆ ಒಟ್ಟಿಗೆ ಬಂದವು. ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ ಸಂಸ್ಥೆ 2018ರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಎಂಬುದನ್ನು ತೆರೆಯಿತು. ಕಾಲೇಜು ಬಿಡಲು ಬಯಸುವ ಆಟಗಾರ ತನ್ನ ಹೆಸರನ್ನು ಅದರಲ್ಲಿ ಹಾಕಿಸಿದರೆ ಉಳಿದ ಎಲ್ಲ ಕೋಚ್‌ಗಳೂ ಅವನನ್ನು ಸಂಪರ್ಕಿಸಬಹುದು. 2021ರ ಏಪ್ರಿಲ್‌ನಲ್ಲಿ, ಒಂದು ಬಾರಿ ಕಾಲೇಜು ಬದಲಿಸಿದರೆ ವರ್ಷ ಕೂರಬೇಕಿಲ್ಲ ಎಂಬ ನಿಯಮ ಬಂತು. ಅದೇ ಜುಲೈನಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳನ್ನು ಜಾಹೀರಾತಿಗೆ ಬಳಸಲು ಬಿಟ್ಟು ಹಣ ಪಡೆಯಬಹುದಾಯಿತು. ಎನ್‌ಐಎಲ್ ಎಂದು ಕರೆಯುವುದು ಇದನ್ನೇ. ಇದರ ಜೊತೆಗೆ ಕೋವಿಡ್ ವರ್ಷದಲ್ಲಿ ಆಡಿದವರಿಗೆಲ್ಲ ಒಂದು ವರ್ಷದ ಹೆಚ್ಚಿನ ಅವಕಾಶ ಸಿಕ್ಕಿತ್ತು. ಹಾಗಾಗಿ ಇಪ್ಪತ್ತೆರಡು, ಇಪ್ಪತ್ತಮೂರು ವಯಸ್ಸಿನ, ನಾಲ್ಕು ವರ್ಷ ಆಡಿ ಪಳಗಿದ, ಎಲ್ಲಿಗೆ ಬೇಕಾದರೂ ಹೋಗಲು ಸಿದ್ಧರಾದ ಆಟಗಾರರು 2022ರ ಬೇಸಿಗೆಯಲ್ಲಿ ನೂರಾರು ಸಂಖ್ಯೆಯಲ್ಲಿ ಇದ್ದರು. ಮೊದಲಾದರೆ ಹೊಸ ಕೋಚ್ ಹದಿನೇಳರ ಹುಡುಗರನ್ನು ಶಾಲೆಗಳಿಂದ ಹುಡುಕಿ ತಂದು, ಮೂರ್ನಾಲ್ಕು ವರ್ಷ ಕಾದು ತಂಡ ಕಟ್ಟಬೇಕಿತ್ತು. ಬೀಜ ಬಿತ್ತಿ ಕಾಯುವ ಕೆಲಸ. ಈಗ ಬೆಳೆದ ಗಿಡವನ್ನೇ ಬೇರುಸಹಿತ ಕಿತ್ತು ತಂದು ನೆಡಬಹುದು. ಪ್ಯಾಕ್‌ನನ್ನು ಕ್ಯಾನ್ಸಸ್ ಸ್ಟೇಟಿನಿಂದ ಒಯ್ದ ಬಾಗಿಲೇ ಬೇರೆಯವರನ್ನು ಅಲ್ಲಿಗೆ ತಂದ ಬಾಗಿಲೂ ಆಯಿತು.

ಆ ಬಾಗಿಲಲ್ಲಿ ನಿಂತವರು ಜೆರೋಮ್ ಟ್ಯಾಂಗ್. ಟ್ರಿನಿಡಾಡ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದವರು. ಟೆಕ್ಸಸ್‌ನ ಒಂದು ಸಣ್ಣ ಕ್ರೈಸ್ತ ಶಾಲೆಯ ತಂಡಕ್ಕೆ ತರಬೇತಿ ಕೊಡುತ್ತ ಹತ್ತು ವರ್ಷ ಕಳೆದಿದ್ದರು. 2003ರಲ್ಲಿ ಬೇಲರ್ ವಿಶ್ವವಿದ್ಯಾಲಯಕ್ಕೆ ಸ್ಕಾಟ್ ಡ್ರೂ ಅವರ ಸಹಾಯಕರಾಗಿ ಹೋದರು. ಅವರು ಹೋದಾಗ ಬೇಲರ್ ತಂಡ ಸ್ಮಶಾನದಂತಿತ್ತು ಎಂದರೆ ಅತಿಶಯೋಕ್ತಿಯಲ್ಲ. ತಂಡದ ಆಟಗಾರನೊಬ್ಬನನ್ನು ಸಹ ಆಟಗಾರನೇ ಕೊಂದಿದ್ದ, ಹಿಂದಿನ ಕೋಚ್ ಹಗರಣದಲ್ಲಿ ರಾಜೀನಾಮೆ ಕೊಟ್ಟಿದ್ದರು, ತಂಡದ ಮೇಲೆ ಶಿಕ್ಷೆಯ ಮೇಲೆ ಶಿಕ್ಷೆ ಬಿದ್ದಿತ್ತು. ಅಲ್ಲಿಂದ ಶುರುವಾದ ಕೆಲಸ 2021ರಲ್ಲಿ ರಾಷ್ಟ್ರೀಯ ಪ್ರಶಸ್ತಿಯಲ್ಲಿ ಕೊನೆಗೊಂಡಿತು. ಹತ್ತೊಂಬತ್ತು ವರ್ಷ ಟ್ಯಾಂಗ್ ಎರಡನೆಯ ಕುರ್ಚಿಯಲ್ಲೇ ಕೂತಿದ್ದರು. ಐವತ್ತೈದರ ವಯಸ್ಸಿನವರೆಗೆ ಒಂದೇ ಒಂದು ಕಾಲೇಜು ತಂಡಕ್ಕೂ ಮುಖ್ಯ ಕೋಚ್ ಆಗಿರಲಿಲ್ಲ. ಪಟ್ಟಿ ತಯಾರಿಸಿದವರಿಗೆ ಇದೂ ಒಂದು ಖಾಲಿ ಜಾಗ. ಅವರ ಹೆಸರಿನ ಮುಂದೆ ಬರೆಯಲು ಗೆಲುವೂ ಇರಲಿಲ್ಲ, ಸೋಲೂ ಇರಲಿಲ್ಲ. ಆ ಪಟ್ಟಿಯಲ್ಲಿ ಮೊದಲನೆಯದಾಗಿದ್ದ ತಂಡ ಯಾವುದು ಗೊತ್ತೆ? ಅವರು ಬಿಟ್ಟುಬಂದ ಬೇಲರ್. ಕೊನೆಯದು ಅವರು ಸೇರಿಕೊಂಡ ಕ್ಯಾನ್ಸಸ್ ಸ್ಟೇಟ್.

ಟ್ಯಾಂಗ್ ಕಲೆಹಾಕಿದವರ ಪಟ್ಟಿ ನೋಡಿದರೆ ಹೆಸರಾಂತ ತಾರೆಗಳು ಕಾಣುವುದಿಲ್ಲ. ಅರ್ಕಾನ್ಸಾ ಮತ್ತು ಅರ್ಕಾನ್ಸಾ ಸ್ಟೇಟ್ ಎರಡರಲ್ಲೂ ಆಡಿ ಬಂದ ಡೆಸಿ ಸಿಲ್ಸ್, ಮಿಸ್ಸಿಸಿಪ್ಪಿ ಸ್ಟೇಟಿನಿಂದ ಕ್ಯಾಮ್ ಕಾರ್ಟರ್, ವರ್ಜೀನಿಯಾ ಟೆಕ್‌ನಿಂದ ಬಂದ, ನೆದರ್ಲೆಂಡ್ಸ್ ಮೂಲದ ಡೇವಿಡ್ ಎನ್‌ಗೆಸ್ಸಾನ್. ಅದರಲ್ಲಿ ವಿಚಿತ್ರ ಕತೆ ನೇಕ್ವಾನ್ ಟಾಮ್ಲಿನ್‌ನದು. ನ್ಯೂಯಾರ್ಕಿನ ಹಾರ್ಲೆಮ್‌ನ ಈ ಎತ್ತರದ ಹುಡುಗ ಪ್ರೌಢಶಾಲೆಯ ತಂಡದಲ್ಲಿ ಆಡಿದವನೇ ಅಲ್ಲ. ಬೀದಿ ಅಂಕಣಗಳಲ್ಲಿ ಆಡುತ್ತ, ಎರಡು ವರ್ಷದ ಕಾಲೇಜುಗಳ ಮೂಲಕ ಮೇಲೆ ಬಂದವನು. ಉಳಿದುಕೊಂಡಿದ್ದ ನೊವೆಲ್, ಮಸೂದ್ ಕೂಡ ಹಾರ್ಲೆಮ್‌ನವರೇ. ಅಂದರೆ ಕ್ಯಾನ್ಸಸ್‌ನ ಸಣ್ಣ ಮ್ಯಾನ್‌ಹ್ಯಾಟನ್ನಿನ ತಂಡದಲ್ಲಿ ಮೂವರು ನಿಜವಾದ ಮ್ಯಾನ್‌ಹ್ಯಾಟನ್ನಿನ ಹುಡುಗರು. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನ ಆ ರಾತ್ರಿ ಅವರಿಗೆ ಏನಾಗಿತ್ತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಕಿಯಾಂಟೆ ಜಾನ್ಸನ್ ವಿಷಯವೇ ಬೇರೆ. ಅವನೊಬ್ಬ ತಾರೆಯಾಗಿದ್ದವನು. 2020ರಲ್ಲಿ ಫ್ಲೋರಿಡಾ ವಿಶ್ವವಿದ್ಯಾಲಯದ ಪರ ಆಡುತ್ತಿದ್ದಾಗ, ಆ ಋತುವಿನಲ್ಲಿ ತಮ್ಮ ಕಾನ್ಫರೆನ್ಸಿನ ಅತ್ಯುತ್ತಮ ಆಟಗಾರ ಇವನೇ ಆಗುತ್ತಾನೆ ಎಂದು ಕೋಚ್‌ಗಳು ಊಹಿಸಿದ್ದರು. ಡಿಸೆಂಬರ್ 12ರಂದು ಫ್ಲೋರಿಡಾ ಸ್ಟೇಟ್ ವಿರುದ್ಧದ ಪಂದ್ಯದಲ್ಲಿ ವಿರಾಮ ಮುಗಿಸಿ ಅಂಕಣಕ್ಕೆ ಬರುತ್ತಿದ್ದವನು ಕುಸಿದು ಮುಖವಡಿ ಬಿದ್ದ. ವೈದ್ಯರು ಔಷಧಿ ಕೊಟ್ಟು ಅವನನ್ನು ಕೋಮಾದಲ್ಲಿ ಇರಿಸಬೇಕಾಯಿತು. ಬದುಕಿ ಬಂದ. ಆದರೆ ಫ್ಲೋರಿಡಾದಲ್ಲಿ ಮತ್ತೆ ನಿಜವಾದ ಆಟಕ್ಕೆ ಇಳಿಯಲಾಗಲಿಲ್ಲ, ಸುಮಾರು ಎರಡು ವರ್ಷ ತಂಡದ ಜೊತೆ ಕೂತು ನೋಡುವುದಷ್ಟೇ ಆಯಿತು. 2022ರಲ್ಲಿ ಪೋರ್ಟಲ್‌ಗೆ ಬಂದ ಅವನಿಗೆ, ವೈದ್ಯಕೀಯ ಪರೀಕ್ಷೆಗಳೆಲ್ಲ ಮುಗಿದ ಮೇಲೆ, ಕ್ಯಾನ್ಸಸ್ ಸ್ಟೇಟ್ ಆಡಲು ಅನುಮತಿ ಕೊಟ್ಟಿತು. ಊಹೆಯ ಪಟ್ಟಿ ಬರೆದವರು ಇವನನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕಿತ್ತು? ಮೊದಲಿನ ಕಿಯಾಂಟೆ ಎಂದೋ, ಎರಡು ವರ್ಷ ಆಡದವನೆಂದೋ? ಅವರು ಶೂನ್ಯ ಎಂದು ಬರೆದರು. ಅವರ ಜಾಗದಲ್ಲಿ ನಾನಿದ್ದರೂ ಹಾಗೆಯೇ ಬರೆಯುತ್ತಿದ್ದೆ.

ಇನ್ನು ಬ್ಯಾಸ್ಕೆಟ್‌ಬಾಲಿನಲ್ಲೇ ಇರುವ ಒಂದು ಗುಣ. ಅಮೆರಿಕನ್ ಫುಟ್‌ಬಾಲಿನ ಕಾಲೇಜು ತಂಡಕ್ಕೆ ಆಗ 85 ವಿದ್ಯಾರ್ಥಿವೇತನಗಳಿದ್ದವು. ದಾಳಿಗೆ ಹನ್ನೊಂದು, ರಕ್ಷಣೆಗೆ ಬೇರೆ ಹನ್ನೊಂದು ಮಂದಿ. ಇಬ್ಬರು ಒಳ್ಳೆಯವರು ಬಂದರೆ ಅಲ್ಲಿ ಅಂಥ ವ್ಯತ್ಯಾಸವಾಗುವುದಿಲ್ಲ. ಬ್ಯಾಸ್ಕೆಟ್‌ಬಾಲಿನಲ್ಲಿ ಅಂಕಣದಲ್ಲಿ ಇರುವವರು ಐವರೇ. ಅವರೇ ಹೊಡೆಯಬೇಕು, ಅವರೇ ತಡೆಯಬೇಕು, ನಲವತ್ತು ನಿಮಿಷದ ಆಟದಲ್ಲಿ ಒಳ್ಳೆಯ ಆಟಗಾರ ಬಹುತೇಕ ಪೂರ್ತಿ ಹೊತ್ತು ಒಳಗೇ ಇರಬಹುದು. ಕ್ರಿಕೆಟ್ಟಿನಲ್ಲಿ ಎಂಥ ಬ್ಯಾಟ್ಸ್‌ಮನ್ನನೂ ಔಟಾದ ಮೇಲೆ ಪೆವಿಲಿಯನ್‌ನಲ್ಲಿ ಕೂರಬೇಕು. ಇಲ್ಲಿ ನಿಮ್ಮ ಅತ್ಯುತ್ತಮ ಆಟಗಾರನ ಕೈಗೆ ಚೆಂಡನ್ನು ಮತ್ತೆ ಮತ್ತೆ, ಬೇಕಾದಷ್ಟು ಬಾರಿ ಕೊಡಬಹುದು.

ಟ್ಯಾಂಗ್ ಅದನ್ನೇ ಮಾಡಿದರು. ನೊವೆಲ್ ಆ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 17.6 ಅಂಕ ಗಳಿಸಿದ, 8.3 ಅಸಿಸ್ಟ್ ಕೊಟ್ಟ.  ಒಂದೊಂದು ಅಸಿಸ್ಟೂ ಕನಿಷ್ಠ ಎರಡು ಅಂಕದ ಬಾಬತ್ತು. ಕೂಡಿಸಿ ನೋಡಿದರೆ ಪಂದ್ಯಕ್ಕೆ 34 ಅಂಕಗಳಿಗೆ ಕಡಿಮೆಯಿಲ್ಲದಂತೆ ಈ ಒಬ್ಬ ಹುಡುಗನ ಕೈ ಹಾದುಹೋಗಿವೆ. ತಂಡದ ಸರಾಸರಿ ಎಪ್ಪತ್ತೈದರ ಆಸುಪಾಸು. ಜಾನ್ಸನ್‌ನ ಸರಾಸರಿ 17.4 ಅಂಕ, 6.8 ರಿಬೌಂಡ್ (ಬುಟ್ಟಿಗೆ ಬೀಳದೆ ಮರಳಿದ ಚೆಂಡನ್ನು ಹಿಡಿಯುವುದು). ಹಿಂದಿನ ವರ್ಷವೂ ನೊವೆಲ್ ಇದ್ದ, ಆದರೆ ಆಗ ಪ್ಯಾಕ್ ಮುಖ್ಯ, ಇವನು ಪಕ್ಕದವನು. ಪ್ಯಾಕ್ ಹೋದದ್ದು ತಂಡಕ್ಕೆ ನಷ್ಟವಾದರೂ ನೊವೆಲ್‌ಗೆ ಚೆಂಡು ಪೂರ್ತಿಯಾಗಿ ಸಿಕ್ಕಿತು. ಇದನ್ನು ಮೊದಲೇ ಕಂಡವರು ಯಾರಾದರೂ ಇದ್ದರೆ ಅದು ಟ್ಯಾಂಗ್ ಒಬ್ಬರೇ.

ಗಿಡ್ಡನೆಯ ಆಟಗಾರ ಎತ್ತರದವರ ನಡುವೆ ಹೇಗೆ ಇಷ್ಟು ಹಾನಿ ಮಾಡುತ್ತಾನೆ? ನೊವೆಲ್ ಚೆಂಡು ಪುಟಿಸುತ್ತ ಬರುವಾಗ ತಂಡದ ಎತ್ತರದ ಆಟಗಾರನೊಬ್ಬ ಅವನನ್ನು ಕಾಯುತ್ತಿದ್ದವನ ದಾರಿಗೆ ಗೋಡೆಯಂತೆ ನಿಲ್ಲುತ್ತಾನೆ. ನೊವೆಲ್ ಆ ಗೋಡೆಗೆ ಉಜ್ಜಿಕೊಂಡಂತೆ ಒಳನುಗ್ಗುತ್ತಾನೆ. ಈಗ ಬುಟ್ಟಿಯ ಬಳಿ ಇರುವ ಎದುರಾಳಿಗೆ ಎರಡೇ ದಾರಿ. ಮುಂದೆ ಬಂದು ನೊವೆಲ್‌ನನ್ನು ತಡೆದರೆ ಅವನ ಬೆನ್ನ ಹಿಂದೆ ಜಾನ್ಸನ್ ಅಥವಾ ಟಾಮ್ಲಿನ್ ಹಾರಲು ಸಿದ್ಧ, ಚೆಂಡು ತಲೆಯ ಮೇಲಿನಿಂದ ತೇಲಿ ಹೋಗುತ್ತದೆ. ತಡೆಯದೆ ನಿಂತರೆ ನೊವೆಲ್ ತಾನೇ ಹಾಕುತ್ತಾನೆ. ಅದೂ ಬೇಡ, ದೂರದಲ್ಲೇ ಒತ್ತಿ ಹಿಡಿಯೋಣ ಎಂದರೆ ಮೂರಂಕದ ಗೆರೆಗಿಂತ ಎಷ್ಟೋ ಹಿಂದಿನಿಂದಲೇ ಎಸೆದುಬಿಡುವ ಧೈರ್ಯ ಅವನದು. ಈ ಆಟಕ್ಕೆ ಬೆಲೆಯೂ ಇತ್ತು. ಅಪಾಯದ ಪಾಸ್‌ಗಳು ಆಗಾಗ ಎದುರಾಳಿಯ ಕೈಗೆ ಹೋಗುತ್ತಿದ್ದವು, ಚೆಂಡು ಕಳೆದುಕೊಳ್ಳುವುದು ಈ ತಂಡಕ್ಕೆ ವರ್ಷವಿಡೀ ಅಂಟಿದ ರೋಗ. ಕೈಕಟ್ಟಿ ಹಾಕುವ ಕೋಚ್ ಆಗಿದ್ದರೆ ಅದನ್ನು ನಿಲ್ಲಿಸುತ್ತಿದ್ದರು. ಹತ್ತೊಂಬತ್ತು ಅಸಿಸ್ಟ್‌ಗಳೂ ಅದರ ಜೊತೆಗೇ ನಿಂತುಹೋಗುತ್ತಿದ್ದವು.

ಹೊರಗಿನವರು ನಂಬಲು ಜನವರಿಯವರೆಗೆ ಕಾಯಬೇಕಾಯಿತು. ಜನವರಿ 3ರಂದು ದೇಶದಲ್ಲಿ ಆರನೆಯ ಸ್ಥಾನದಲ್ಲಿದ್ದ ಟೆಕ್ಸಸ್ ತಂಡವನ್ನು ಅದರ ಊರಿನಲ್ಲೇ 116–103ರಿಂದ ಸೋಲಿಸಿದರು. ನೊವೆಲ್ 36. ನಾಲ್ಕು ದಿನ ಬಿಟ್ಟು ಟ್ಯಾಂಗ್ ಅವರ ಹಳೆಯ ಮನೆ ಬೇಲರ್. ಹೆಚ್ಚುವರಿ ಅವಧಿಯಲ್ಲಿ 97–95. ನೊವೆಲ್ 32 ಅಂಕ, 14 ಅಸಿಸ್ಟ್. ಜನವರಿ 17ರಂದು ಅದೇ ರಾಜ್ಯದ ದಾಯಾದಿ, ಹಿಂದಿನ ವರ್ಷದ ರಾಷ್ಟ್ರೀಯ ಚಾಂಪಿಯನ್ ಕ್ಯಾನ್ಸಸ್ ವಿಶ್ವವಿದ್ಯಾಲಯ. ಅದೂ ಹೆಚ್ಚುವರಿ ಅವಧಿ, 83–82. ಸೆಣಸಾಟದ ಕೊನೆಗೆ ಜಾನ್ಸನ್ ಹಾರಿ ಹಾಕಿದ ಬುಟ್ಟಿಯೇ ನಿರ್ಣಾಯಕ. ವಿದ್ಯಾರ್ಥಿಗಳು ಅಂಕಣಕ್ಕೇ ನುಗ್ಗಿದರು. ಟ್ಯಾಂಗ್ ಮೈಕು ಹಿಡಿದು, ಹೀಗೆ ನುಗ್ಗಲು ನಿಮಗೆ ಸಿಗುವುದು ಒಂದೇ ಅವಕಾಶ, ಅದು ಮುಗಿಯಿತು, ಇನ್ನುಮುಂದೆ ಗೆಲುವನ್ನು ನಿರೀಕ್ಷಿಸಿಕೊಂಡೇ ಬನ್ನಿ ಎಂಬರ್ಥದ ಮಾತು ಹೇಳಿದರು. ಅದೇ ತಿಂಗಳಲ್ಲಿ ದೇಶದ ಪಟ್ಟಿಯಲ್ಲಿ ತಂಡ ಐದನೆಯ ಸ್ಥಾನಕ್ಕೇರಿತು. ಕಾನ್ಫರೆನ್ಸ್ ಮುಗಿದಾಗ 18ರಲ್ಲಿ 11 ಗೆಲುವು, 7 ಸೋಲು. ಮೊದಲನೆಯದಾಗಬೇಕಿದ್ದ ಬೇಲರ್‌ನ ಲೆಕ್ಕವೂ ಅಷ್ಟೇ, 11–7. ಫೆಬ್ರುವರಿಯಲ್ಲಿ ಬೇಲರನ್ನು ಎರಡನೆಯ ಬಾರಿಯೂ ಸೋಲಿಸಿದ್ದರು.

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಎಂಬ ಗಾದೆ ಇಂಥ ಕಡೆ ಯಾರಿಗಾದರೂ ನೆನಪಾಗುತ್ತದೆ. ಹೊಸ ಕೋಚ್‌ನ ಮೊದಲ ವರ್ಷದ ಉತ್ಸಾಹವೇ ಕಾರಣ ಎಂದು ಅದರ ಬಲದಿಂದ ಹೇಳಿಬಿಡಬಹುದು. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಮೇಲಿನ ಅಂಕಿಗಳಲ್ಲೇ ಅಡಗಿರುವ ಇನ್ನೊಂದು ಸಂಗತಿ. ಬೇಲರ್ ಮೇಲೆ ಎರಡು ಅಂಕ, ಕ್ಯಾನ್ಸಸ್ ಮೇಲೆ ಒಂದು. ಡಿಸೆಂಬರ್ ಕೊನೆಯ ದಿನ ವೆಸ್ಟ್ ವರ್ಜೀನಿಯಾ ಮೇಲಿನ ಗೆಲುವೂ ಹೆಚ್ಚುವರಿ ಅವಧಿಯದು, ಮಿಷಿಗನ್ ಸ್ಟೇಟ್ ಮೇಲಿನದೂ ಹಾಗೆಯೇ. ಹೆಚ್ಚುವರಿ ಅವಧಿ ಎಂದರೆ ಐದು ನಿಮಿಷ. ನಲವತ್ತು ನಿಮಿಷ ಸಮವಾಗಿ ಆಡಿದ ಎರಡು ತಂಡಗಳಲ್ಲಿ ಐದು ನಿಮಿಷದಲ್ಲಿ ಯಾವುದು ಮುಂದೆ ಬರುತ್ತದೆ ಎಂಬುದರಲ್ಲಿ ಸಾಮರ್ಥ್ಯಕ್ಕೆ ಪಾಲಿದೆ, ಅದೃಷ್ಟಕ್ಕೆ ಅದಕ್ಕಿಂತ ಕಡಿಮೆಯೇನಿಲ್ಲ. ಜನವರಿಯ ಆ ಎರಡು ಚೆಂಡುಗಳು ಬಳೆಗೆ ತಾಗಿ ಹೊರಬಿದ್ದಿದ್ದರೆ ತಂಡ 9–9ರಲ್ಲಿ ನಿಲ್ಲುತ್ತಿತ್ತು. ಆಗಲೂ ಕೊನೆಯ ಸ್ಥಾನವಂತೂ ಅಲ್ಲ. ಆದರೆ ‘ಪವಾಡ’ ಎಂಬ ಪದ ಯಾರ ಬಾಯಿಗೂ ಬರುತ್ತಿರಲಿಲ್ಲ. ನಿರೀಕ್ಷೆ ಮೀರಿದ ಯಾವ ತಂಡದ ಕತೆಯನ್ನು ಬಿಚ್ಚಿದರೂ ಒಳಗೆ ಇಂಥ ನಾಲ್ಕಾರು ಸಣ್ಣ ಅಂತರಗಳು ಸಿಗುತ್ತವೆ. ಅವು ಇಲ್ಲದವರ ಕತೆಯನ್ನು ಯಾರೂ ಬರೆಯುವುದಿಲ್ಲವಾದ್ದರಿಂದ ನಮಗೆ ಅದು ಕಾಣುವುದಿಲ್ಲ.

ಅದೃಷ್ಟ ತನ್ನ ಬಾಕಿಯನ್ನು ಮಾರ್ಚ್ 25ರಂದು ವಸೂಲು ಮಾಡಿತು. ಟೂರ್ನಿಯಲ್ಲಿ ಒಂದು ಸೋಲಿಗೇ ಮನೆ. ಮೊಂಟಾನಾ ಸ್ಟೇಟ್, ಕೆಂಟಕಿ, ಮಿಷಿಗನ್ ಸ್ಟೇಟ್ ದಾಟಿ ಕೊನೆಯ ಎಂಟರ ಸುತ್ತಿಗೆ ಬಂದವರಿಗೆ ಎದುರಾದದ್ದು ಫ್ಲೋರಿಡಾ ಅಟ್ಲಾಂಟಿಕ್. ಹೆಸರಿಲ್ಲದ ತಂಡ, ಇವರಿಗಿಂತ ದೊಡ್ಡ ಅಚ್ಚರಿ. ನೊವೆಲ್ 30 ಅಂಕ, 12 ಅಸಿಸ್ಟ್, ಎದುರಾಳಿಯ ಕೈಯಿಂದ ಚೆಂಡು ಕಸಿದದ್ದು 5 ಬಾರಿ. ಮೂರು ಅಂಕ ಹಿಂದಿದ್ದಾಗ ಕೊನೆಯ ಕ್ಷಣದಲ್ಲಿ ತಾನೇ ಎಸೆಯದೆ, ತನ್ನಂತೆಯೇ ಹಳೆಯ ತಂಡದಿಂದ ಉಳಿದಿದ್ದ ಮಸೂದ್‌ಗೆ ಪಾಸ್ ಕೊಟ್ಟ. ಮಸೂದ್ ಎಸೆಯುವ ಮೊದಲೇ ಚೆಂಡು ಕೈತಪ್ಪಿತು. 79–76. ಸೋತ ತಂಡದವನಾದರೂ ಆ ವಲಯದ ಅತ್ಯುತ್ತಮ ಆಟಗಾರ ಎಂದು ನೊವೆಲ್‌ನನ್ನೇ ಆರಿಸಿದರು. ದೇಶದ ಅತ್ಯುತ್ತಮ ಕಾಲೇಜು ತರಬೇತುದಾರನಿಗೆ ಕೊಡುವ ನೈಸ್ಮಿತ್ ಪ್ರಶಸ್ತಿ ಆ ವರ್ಷ ಟ್ಯಾಂಗ್‌ಗೆ ಬಂತು. ಕ್ಯಾನ್ಸಸ್ ಸ್ಟೇಟ್ 1964ರ ನಂತರ ಕಾಣದ ಕೊನೆಯ ನಾಲ್ಕರ ಸುತ್ತಿಗೆ ಹೋದವರಲ್ಲಿ ಮಯಾಮಿ ತಂಡವೂ ಒಂದು. ಅದರಲ್ಲಿ ನೈಜೆಲ್ ಪ್ಯಾಕ್ ಇದ್ದ.

ಇದಕ್ಕೆ ಒಂದು ವರ್ಷ ಮೊದಲು ಇದೇ ಕಾನ್ಫರೆನ್ಸಿನಲ್ಲಿ ಇದೇ ಬಗೆಯ ಇನ್ನೊಂದು ಘಟನೆ ನಡೆದಿತ್ತು. 2020–21ರಲ್ಲಿ ಅಯೋವಾ ಸ್ಟೇಟ್ ಗೆದ್ದದ್ದು 2 ಪಂದ್ಯ, ಸೋತದ್ದು 22. ಕಾನ್ಫರೆನ್ಸಿನಲ್ಲಿ ಹದಿನೆಂಟಕ್ಕೆ ಹದಿನೆಂಟೂ ಸೋಲು. ಹೊಸ ಕೋಚ್ ಟಿ. ಜೆ. ಓಟ್ಸೆಲ್‌ಬರ್ಗರ್ ಬಂದರು, ಪಟ್ಟಿಯಲ್ಲಿ ತಂಡ ಸಹಜವಾಗಿಯೇ ಕೊನೆಗೆ ಬಿತ್ತು. ಅವರೂ ಪೋರ್ಟಲ್‌ನಿಂದ ಆಟಗಾರರನ್ನು ತಂದರು, 22–13ರಲ್ಲಿ ಮುಗಿಸಿ ಕೊನೆಯ ಹದಿನಾರರ ಸುತ್ತು ಮುಟ್ಟಿದರು. ಹೊರನೋಟಕ್ಕೆ ಅದೇ ಕತೆ. ಆದರೆ ಟೂರ್ನಿಯಲ್ಲಿ ಅವರು ಗೆದ್ದ ಅಂತರ ನೋಡಿ: 59–54, 54–49. ಎದುರಾಳಿಗೆ ಉಸಿರಾಡಲೂ ಬಿಡದ ರಕ್ಷಣೆಯ ಮೇಲೆ ಕಟ್ಟಿದ ಆಟ ಅದು. ರಕ್ಷಣೆ ಅಭ್ಯಾಸದಿಂದ ಬರುವಂಥದ್ದು, ಮುಂದಿನ ವರ್ಷ ಬಂದವರಿಗೂ ಕಲಿಸಬಹುದು. ಎರಡು ವರ್ಷದ ನಂತರ ಅದೇ ಓಟ್ಸೆಲ್‌ಬರ್ಗರ್ ಅವರ ಅಯೋವಾ ಸ್ಟೇಟ್ 29–8. ನೊವೆಲ್‌ನ ಕಣ್ಣನ್ನೂ ಜಾನ್ಸನ್‌ನ ಹಾರಾಟವನ್ನೂ ಯಾರಿಗೆ ಕಲಿಸುವುದು?

ಇಬ್ಬರೂ ಆ ಬೇಸಿಗೆಯಲ್ಲೇ ಹೊರಟರು. ಜಾನ್ಸನ್‌ನನ್ನು ಎನ್‌ಬಿಎ ಡ್ರಾಫ್ಟಿನಲ್ಲಿ, ಅಂದರೆ ವೃತ್ತಿಪರ ತಂಡಗಳು ಹೊಸಬರನ್ನು ಸರದಿಯಂತೆ ಆರಿಸುವಲ್ಲಿ, 50ನೆಯವನಾಗಿ ಒಕ್ಲಹೋಮಾ ಸಿಟಿ ಆರಿಸಿಕೊಂಡಿತು. ನೊವೆಲ್‌ನನ್ನು ಯಾರೂ ಆರಿಸಲಿಲ್ಲ, ಟೊರಾಂಟೊ ತಂಡ ಸಣ್ಣ ಒಪ್ಪಂದವೊಂದನ್ನು ಕೊಟ್ಟಿತು. ಮಸೂದ್ ಇನ್ನೊಂದು ಕಾಲೇಜಿಗೆ ಹೋದ. ಟಾಮ್ಲಿನ್ ಕೂಡ ಮುಂದಿನ ಋತುವಿನ ನಡುವೆಯೇ ತಂಡದಿಂದ ಹೊರಬಿದ್ದ. ಟ್ಯಾಂಗ್ ಮತ್ತೆ ಪೋರ್ಟಲ್ ತೆರೆದು ಕೂತರು. 2023–24ರಲ್ಲಿ ತಂಡ 19–15, ರಾಷ್ಟ್ರೀಯ ಟೂರ್ನಿಗೆ ಕರೆ ಬರಲಿಲ್ಲ. 2024–25ರಲ್ಲಿ 16–17.